ಆಟೋಮೇಟೆಡ್ ಟೆಸ್ಟಿಂಗ್‌ಗೆ ಡೆಸ್ಕ್‌ಟಾಪ್ ಹದಗೊಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಾನೇ ಕ್ಲಿಕ್ ಮಾಡಿ, ಟೈಪ್ ಮಾಡಿ ನೋಡುವ ಪ್ರೋಗ್ರಾಂಗೆ ಇಲ್ಲಿ ಟೆಸ್ಟ್ ಎನ್ನುತ್ತೇನೆ. ಅದನ್ನು ಬರೆಯುವುದು ಒಂದು ಕೆಲಸ. ಅದು ಓಡುವ ಡೆಸ್ಕ್‌ಟಾಪನ್ನು ಹದಕ್ಕೆ ತರುವುದು ಇನ್ನೊಂದು. ಎರಡನೆಯದರ ಬಗ್ಗೆ ಜೊತೆಯಲ್ಲಿ ಕೆಲಸ ಮಾಡುವವರು, ಪತ್ರ ಬರೆದವರು, ಕಾಮೆಂಟ್ ಹಾಕಿದವರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ನಡೆಯುತ್ತದೆ.

## ಈಗಷ್ಟೇ ಶುರು ಮಾಡುವವರಿಗೆ

ಟೆಸ್ಟ್‌ಗೆ ಅಂತ ಬೇರೆ ಮೆಷಿನ್ ಬೇಕೇ ಬೇಕಾ? ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸಿದ್ರೆ ಆಗಲ್ವಾ?

ಟೆಸ್ಟ್ ಬರೆಯುವಾಗ, ತಿದ್ದುವಾಗ ನಿಮ್ಮ ಲ್ಯಾಪ್‌ಟಾಪ್ ಸಾಕು. ಬಿಲ್ಡ್ (ಆಪ್‌ನ ತಯಾರಾದ ಪ್ರತಿ) ಹೊರಗೆ ಬಿಡಬೇಕೋ ಬೇಡವೋ ಎಂದು ಹೇಳುವ ಟೆಸ್ಟ್ ಮಾತ್ರ ಅಲ್ಲಿ ಓಡುವುದು ಬೇಡ. ಆ ಲ್ಯಾಪ್‌ಟಾಪ್‌ನಲ್ಲಿ ಚಾಟ್ ಆಪ್ ಇದೆ, ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿವೆ, ಯಾವತ್ತೋ ಇನ್‌ಸ್ಟಾಲ್ ಮಾಡಿ ಮರೆತ ಲೈಬ್ರರಿ ಇದೆ. ಎಷ್ಟೋ ಸಲ ನಿಮ್ಮ ಆಪ್ ನಡೆಯುತ್ತಿರುವುದೇ ಆ ಮರೆತ ಲೈಬ್ರರಿಯ ಪುಣ್ಯದಿಂದ. ಬಳಕೆದಾರರ ಮೆಷಿನ್‌ನಲ್ಲಿ ಅದು ಇರುವುದಿಲ್ಲ.

ಜೊತೆಗೆ ಟೆಸ್ಟ್ ಓಡುವಾಗ ನೀವೂ ಅದೇ ಮೌಸ್, ಕೀಬೋರ್ಡ್ ಹಿಡಿದಿರುತ್ತೀರಿ. ನನಗೆ ಒಮ್ಮೆ ಹೀಗಾಯಿತು: ಕೀಬೋರ್ಡ್ ಕನ್ನಡಕ್ಕೆ ಬದಲಾಗಿ ನಿಂತಿದ್ದು ನೆನಪೇ ಇರಲಿಲ್ಲ. ಟೆಸ್ಟ್ ಟೈಪ್ ಮಾಡಿದ ಯೂಸರ್‌ನೇಮ್ ಎಲ್ಲ ಕನ್ನಡ ಅಕ್ಷರವಾಗಿ ಬಿತ್ತು. ನಾನು ಅರ್ಧ ಗಂಟೆ ಲಾಗಿನ್ ಕೋಡ್ ತಡಕಾಡಿದೆ.

ವರ್ಚುವಲ್ ಮೆಷಿನ್ ಒಳ್ಳೇದಾ, ನಿಜವಾದ ಕಂಪ್ಯೂಟರ್ ಒಳ್ಳೇದಾ?

ಬಹುತೇಕರಿಗೆ ವರ್ಚುವಲ್ ಮೆಷಿನ್, ಅಂದರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟುವ ಇನ್ನೊಂದು ಕಂಪ್ಯೂಟರ್. ಕಾರಣ ಒಂದೇ: ಪ್ರತಿ ಸಲ ಅದೇ ಸ್ಥಿತಿಗೆ ವಾಪಸ್ ತರಬಹುದು. ಹೈಪರ್-ವಿ, ವಿಎಂವೇರ್, ವರ್ಚುವಲ್‌ಬಾಕ್ಸ್ ಯಾವುದಾದರೂ ಸರಿ, ಸ್ವಚ್ಛವಾದ ಒಂದು ಸ್ನ್ಯಾಪ್‌ಶಾಟ್ (ಮೆಷಿನ್‌ನ ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಟ್ಟು ಪ್ರತಿ ಓಟಕ್ಕೂ ಅಲ್ಲಿಂದಲೇ ಶುರು ಮಾಡಿ.

ಗ್ರಾಫಿಕ್ಸ್ ಕಾರ್ಡ್, ಪ್ರಿಂಟರ್, ಸ್ಕ್ಯಾನರ್, ಎರಡು ಮಾನಿಟರ್ ಇಂಥದ್ದನ್ನು ಮುಟ್ಟುವ ಆಪ್ ಆದರೆ ಒಂದೆರಡು ನಿಜವಾದ ಕಂಪ್ಯೂಟರ್ ಕೂಡ ಇಟ್ಟುಕೊಳ್ಳಿ. ಅದಕ್ಕೆ ಮಾನಿಟರ್ ಜೋಡಿಸದಿದ್ದರೆ ಎಷ್ಟೋ ಮೆಷಿನ್‌ಗಳು ಚಿಕ್ಕ ರೆಸಲ್ಯೂಶನ್‌ಗೆ ಇಳಿದುಬಿಡುತ್ತವೆ. ಎಚ್‌ಡಿಎಂಐ ಡಮ್ಮಿ ಪ್ಲಗ್ ಎಂಬ ಬೆರಳುದ್ದದ ಸಾಮಾನು ಸಿಗುತ್ತದೆ. ಅದನ್ನು ಸಿಕ್ಕಿಸಿದರೆ ಮಾನಿಟರ್ ಇದೆ ಎಂದೇ ಕಂಪ್ಯೂಟರ್ ನಂಬುತ್ತದೆ.

ನಮ್ಮದು ವೆಬ್ ಆಪ್. ಹೆಡ್‌ಲೆಸ್ ಬ್ರೌಸರ್ ಸಾಕಲ್ವಾ, ಡೆಸ್ಕ್‌ಟಾಪ್ ರಗಳೆ ಯಾಕೆ?

ಹೆಡ್‌ಲೆಸ್ ಎಂದರೆ ತೆರೆಯ ಮೇಲೆ ವಿಂಡೋ ತೋರಿಸದೆ ಓಡುವ ಬ್ರೌಸರ್. ಹೆಚ್ಚಿನ ವೆಬ್ ಟೆಸ್ಟ್‌ಗೆ ಅದು ಸಾಕು. ಹಳೆಯ ದೂರು ಒಂದಿತ್ತು: ಕ್ರೋಮ್‌ನ ಹೆಡ್‌ಲೆಸ್ ಮೋಡ್ ಒಳಗೆ ಬೇರೆಯೇ ಬ್ರೌಸರ್ ಆಗಿತ್ತು, ಹಾಗಾಗಿ ಕೆಲವೊಂದು ಬೇರೆ ಥರ ನಡೆದುಕೊಳ್ಳುತ್ತಿತ್ತು. 2023ರಲ್ಲಿ ಬಂದ ಕ್ರೋಮ್ 112ರ ಹೊಸ ಹೆಡ್‌ಲೆಸ್ ಮೋಡ್‌ನಲ್ಲಿ ಓಡುವುದು ನಿಜವಾದ ಕ್ರೋಮೇ, ತೆರೆಯ ಮೇಲೆ ಕಾಣುವುದಿಲ್ಲ ಅಷ್ಟೆ. ವಿಂಡೋ ಅಳತೆಯನ್ನು ಮಾತ್ರ ನೀವೇ ಹೇಳಿ. ಅದರ ಪಾಡಿಗೆ ಬಿಟ್ಟರೆ ಚಿಕ್ಕ ತೆರೆ ಎಂದುಕೊಂಡು ಮೊಬೈಲ್ ಮೆನು ತೋರಿಸಬಹುದು.

ಫೈಲ್ ಆರಿಸುವ ಸಿಸ್ಟಂ ಡೈಲಾಗ್, ಪ್ರಿಂಟ್ ಡೈಲಾಗ್, ಬೇರೆ ಆಪ್‌ನಿಂದ ಎಳೆದು ತಂದು ಬಿಡುವುದು ಇವೆಲ್ಲ ಬ್ರೌಸರ್‌ನ ಹೊರಗಿನ ಲೋಕ. ಅವು ಬೇಕಿದ್ದರೆ ಡೆಸ್ಕ್‌ಟಾಪ್ ಬೇಕೇ ಬೇಕು.

ಹೊಸ ಮೆಷಿನ್ ಕೊಟ್ಟಿದ್ದಾರೆ. ಮೊದಲು ಏನೇನು ಆಫ್ ಮಾಡ್ಲಿ?

ತಾನಾಗಿಯೇ ಏನನ್ನಾದರೂ ಮಾಡುವ ಎಲ್ಲವನ್ನೂ. ನಾನು ಹಿಡಿಯುವ ಅಳತೆ ಇದೊಂದೇ. ಯಾರೂ ಮುಟ್ಟದೆ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ತೆರೆ ಇದ್ದ ಹಾಗೇ ಇರಬೇಕು.

ಸ್ಲೀಪ್, ಸ್ಕ್ರೀನ್‌ಸೇವರ್, ಲಾಕ್‌ಸ್ಕ್ರೀನ್ ಮೊದಲು. ಆಮೇಲೆ ನೋಟಿಫಿಕೇಶನ್: ವಿಂಡೋಸ್ 10ರಲ್ಲಿ ಫೋಕಸ್ ಅಸಿಸ್ಟ್, ವಿಂಡೋಸ್ 11ರಲ್ಲಿ ಡು ನಾಟ್ ಡಿಸ್ಟರ್ಬ್. ತೆರೆಯ ಮೂಲೆಯಿಂದ ಜಾರಿ ಬರುವ ಒಂದು ಸಣ್ಣ ಪೆಟ್ಟಿಗೆ ಸರಿಯಾಗಿ 'ಸೇವ್' ಬಟನ್ ಮೇಲೆ ಕೂತರೆ ಟೆಸ್ಟ್ ಮುಗಿಯಿತು. ಮೂರನೆಯದು ಅಪ್‌ಡೇಟ್. ಶಾಶ್ವತವಾಗಿ ನಿಲ್ಲಿಸಬೇಡಿ, ಅದು ಬೇರೆಯೇ ಅಪಾಯ. ತಾನಾಗಿ ಆಗುವುದನ್ನು ನಿಲ್ಲಿಸಿ, ವಾರಕ್ಕೋ ತಿಂಗಳಿಗೋ ಒಂದು ದಿನ ನೀವೇ ಹಾಕಿ, ಹೊಸ ಸ್ನ್ಯಾಪ್‌ಶಾಟ್ ತೆಗೆಯಿರಿ. ವಿಂಡೋಸ್‌ನ ಆಕ್ಟಿವ್ ಅವರ್ಸ್ (ತಾನಾಗಿ ರೀಸ್ಟಾರ್ಟ್ ಆಗದ ಹೊತ್ತು) ದಿನಕ್ಕೆ ಹೆಚ್ಚೆಂದರೆ 18 ಗಂಟೆ, ಉಳಿದ ಆರು ಗಂಟೆಯಲ್ಲಿ ರೀಸ್ಟಾರ್ಟ್ ಆಗಬಹುದು. ರಾತ್ರಿ ಟೆಸ್ಟ್ ಓಡಿಸುವವರು ಇದನ್ನು ಮರೆತು ಸಿಕ್ಕಿಬೀಳುತ್ತಾರೆ.

ಆಮೇಲೆ ಅನಿಮೇಶನ್. ಮೆನು ಜಾರಿಕೊಂಡು ಬರುವ ಅರೆ ಕ್ಷಣದಲ್ಲಿ ಕ್ಲಿಕ್ ಮಾಡಿದರೆ ಅದು ಬೀಳುವ ಜಾಗವೇ ಬೇರೆ. ವಿಂಡೋಸ್‌ನಲ್ಲೂ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೂ ಮ್ಯಾಕ್‌ನಲ್ಲೂ ಇದನ್ನು ಕಡಿಮೆ ಮಾಡುವ ಅಥವಾ ನಿಲ್ಲಿಸುವ ಸೆಟ್ಟಿಂಗ್ ಇದೆ.

ಆಂಟಿವೈರಸ್‌ನ ಮಾತು ಸ್ವಲ್ಪ ಸೂಕ್ಷ್ಮ. ಈಗಷ್ಟೇ ಬರೆದ ಫೈಲನ್ನು ಅದು ಪರೀಕ್ಷೆಗೆ ಹಿಡಿದುಕೊಂಡಾಗ ನಿಮ್ಮ ಆಪ್ ಆ ಫೈಲಿನ ಹೆಸರು ಬದಲಿಸಲು ಹೋಗಿ ಸೋಲುತ್ತದೆ. ಪೂರ್ತಿ ಆಫ್ ಮಾಡುವ ಬದಲು ಬಿಲ್ಡ್ ಮತ್ತು ಟೆಸ್ಟ್ ಫೋಲ್ಡರ್‌ಗಳಿಗೆ ಮಾತ್ರ ವಿನಾಯಿತಿ ಕೊಡಿ.

ರೆಸಲ್ಯೂಶನ್, ಸ್ಕೇಲಿಂಗ್ ಎಷ್ಟಿಡಬೇಕು?

1920×1080, ಸ್ಕೇಲಿಂಗ್ (ಅಕ್ಷರ, ಬಟನ್‌ಗಳನ್ನು ಎಷ್ಟು ದೊಡ್ಡದಾಗಿ ತೋರಿಸಬೇಕು ಎಂಬುದು) 100%. ಬೇರೆ ಅಂಕಿ ಇಟ್ಟರೂ ತಪ್ಪಿಲ್ಲ, ಎಲ್ಲ ಮೆಷಿನ್‌ನಲ್ಲೂ ಒಂದೇ ಇರಬೇಕು. ವಿಂಡೋಸ್‌ನಲ್ಲಿ 100% ಎಂದರೆ 96 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), 125% ಎಂದರೆ 120, 150% ಎಂದರೆ 144. ಸ್ಕೇಲಿಂಗ್ ಬದಲಾದರೆ ಬಟನ್ ಜಾಗ, ಅಳತೆ, ಅಕ್ಷರ ಮುರಿಯುವ ಸಾಲು ಎಲ್ಲವೂ ಬದಲಾಗುತ್ತವೆ. ಹೊಸ ಲ್ಯಾಪ್‌ಟಾಪ್‌ಗಳು ತಾವಾಗಿಯೇ 125% ಅಥವಾ 150% ಇಟ್ಟುಕೊಂಡು ಬರುತ್ತವೆ. 'ನನ್ನಲ್ಲಿ ಮಾತ್ರ ಫೇಲ್' ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದೇ ಇದನ್ನು.

ಬಳಕೆದಾರರು 150% ಇಟ್ಟುಕೊಂಡಿರುತ್ತಾರಲ್ವಾ ಎಂದರೆ, ಹೌದು. ಅದಕ್ಕೆ ಬೇರೆಯದೇ ಮೆಷಿನ್, ಬೇರೆಯದೇ ಹೆಸರು.

## ವಿಂಡೋಸ್‌ನವರ ಪ್ರಶ್ನೆಗಳು

ಕೈಯಾರೆ ಓಡಿಸಿದ್ರೆ ಪಾಸ್, ಜೆಂಕಿನ್ಸ್‌ನಿಂದ ಓಡಿಸಿದ್ರೆ ವಿಂಡೋನೇ ಸಿಗಲ್ಲ ಅನ್ನುತ್ತೆ. ಏನಿದು?

ಜೆಂಕಿನ್ಸ್ ಎಂಬುದು ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸರ್ವರ್. ಅದರ ಮಾತು ಕೇಳಿ ಟೆಸ್ಟ್ ಮೆಷಿನ್‌ನಲ್ಲಿ ಕೆಲಸ ಮಾಡುವ ಪ್ರೋಗ್ರಾಂ ಏಜೆಂಟ್. ನಿಮ್ಮ ಏಜೆಂಟ್ ವಿಂಡೋಸ್ ಸರ್ವಿಸ್ ಆಗಿ, ಅಂದರೆ ಯಾರೂ ಲಾಗಿನ್ ಆಗದೆಯೂ ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ ಆಗಿ ಓಡುತ್ತಿದೆ. ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ.

ವಿಂಡೋಸ್ ವಿಸ್ತಾದಿಂದ ಈಚೆಗೆ ಎಲ್ಲ ಸರ್ವಿಸ್‌ಗಳೂ ಸೆಷನ್ ಸೊನ್ನೆ ಎಂಬ ಪ್ರತ್ಯೇಕ ಕೋಣೆಯಲ್ಲಿ ಇರುತ್ತವೆ. ಲಾಗಿನ್ ಆದ ಮನುಷ್ಯರ ಡೆಸ್ಕ್‌ಟಾಪ್ ಸೆಷನ್ ಒಂದು ಅಥವಾ ಅದರ ನಂತರದ್ದು. ಭದ್ರತೆಗಾಗಿಯೇ ಇವೆರಡರ ನಡುವೆ ಗೋಡೆ ಕಟ್ಟಿದ್ದಾರೆ. ಸರ್ವಿಸ್ ತೆರೆದ ಆಪ್ ಸೊನ್ನೆಯಲ್ಲೇ ತೆರೆಯುತ್ತದೆ, ಅಲ್ಲಿ ನೋಡುವವರು ಯಾರೂ ಇಲ್ಲ, ಮೌಸ್ ಕೀಬೋರ್ಡ್ ಕೂಡ ಅಲ್ಲಿಗೆ ತಲುಪುವುದಿಲ್ಲ. ಸರ್ವಿಸ್ ಸೆಟ್ಟಿಂಗ್‌ನಲ್ಲಿ 'ಡೆಸ್ಕ್‌ಟಾಪ್ ಜೊತೆ ಮಾತಾಡಲು ಬಿಡು' ಎಂಬ ಹಳೆಯ ಟಿಕ್ ಕಂಡು ಜನ ಆಸೆ ಪಡುತ್ತಾರೆ. ಅದರಿಂದ ಏನೂ ಆಗದು.

ಪರಿಹಾರ: ಮೆಷಿನ್ ಬೂಟ್ ಆದ ಕೂಡಲೇ ಟೆಸ್ಟ್ ಖಾತೆ ತಾನಾಗಿ ಲಾಗಿನ್ ಆಗಲಿ. ಆ ಖಾತೆಯೊಳಗೆ ಏಜೆಂಟ್ ಸಾಮಾನ್ಯ ಪ್ರೋಗ್ರಾಂ ಆಗಿ ಶುರುವಾಗಲಿ. ಸ್ಟಾರ್ಟಪ್ ಫೋಲ್ಡರ್‌ನಲ್ಲಿ ಹಾಕಬಹುದು, ಅಥವಾ ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಬಳಕೆದಾರ ಲಾಗಿನ್ ಆಗಿದ್ದಾಗ ಮಾತ್ರ' ಎಂಬ ಆಯ್ಕೆ ಇಡಬಹುದು. ಜೆಂಕಿನ್ಸ್ ಥರದ್ದೇ ಆದ ಮೈಕ್ರೋಸಾಫ್ಟ್‌ನ ಅಝೂರ್ ಪೈಪ್‌ಲೈನ್ಸ್ ಏಜೆಂಟ್ ಕಾನ್ಫಿಗರ್ ಮಾಡುವಾಗ ಇದನ್ನು ನೇರವಾಗಿಯೇ ಕೇಳುತ್ತದೆ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೋಡ್ತಾ ಇರೋವರೆಗೂ ಪಾಸ್. ಕ್ಲೋಸ್ ಮಾಡಿದ ತಕ್ಷಣ ಸಾಯುತ್ತೆ. ನಾನು ದಿನವಿಡೀ ನೋಡ್ತಾ ಕೂರಬೇಕಾ?

ಬೇಡ. ರಿಮೋಟ್ ಸಂಪರ್ಕ ಕಡಿದಾಗ ವಿಂಡೋಸ್ ಆ ಸೆಷನ್ ಅನ್ನು ಲಾಕ್ ಮಾಡಿ, ತೆರೆ ಬಿಡಿಸುವುದನ್ನೇ ನಿಲ್ಲಿಸುತ್ತದೆ. ಆಪ್ ಓಡುತ್ತಿರುತ್ತದೆ, ಕಾಣುವ ಡೆಸ್ಕ್‌ಟಾಪ್ ಮಾತ್ರ ಇರುವುದಿಲ್ಲ. ರಿಮೋಟ್ ವಿಂಡೋವನ್ನು ಮಿನಿಮೈಸ್ ಮಾಡಿದರೂ ಇಂಥದ್ದೇ ತೊಂದರೆ ಬರುತ್ತದೆ.

ಟಿಎಸ್‌ಕಾನ್ ಎಂಬ ಕಮಾಂಡ್ ವಿಂಡೋಸ್ ಜೊತೆಗೇ ಬರುತ್ತದೆ. ಸೆಷನ್ ಅನ್ನು ರಿಮೋಟ್‌ನಿಂದ ಮೆಷಿನ್‌ನ ಕನ್ಸೋಲ್‌ಗೆ (ಅದರ ಸ್ವಂತ ತೆರೆಗೆ) ಅದು ದಾಟಿಸುತ್ತದೆ, ಲಾಕ್ ಆಗದಂತೆ. ಅಡ್ಮಿನ್ ಹಕ್ಕು ಬೇಕು. ದಾಟಿದ ಮೇಲೆ ರೆಸಲ್ಯೂಶನ್ ಕನ್ಸೋಲ್‌ನದ್ದಕ್ಕೆ ಬದಲಾಗಬಹುದು, ಅದನ್ನು ನೋಡಿಕೊಳ್ಳಿ.

ಇದಕ್ಕಿಂತ ಒಳ್ಳೆಯ ದಾರಿ, ಟೆಸ್ಟ್ ಮೆಷಿನ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಹೋಗುವ ಅಭ್ಯಾಸವನ್ನೇ ಬಿಡುವುದು. ವರ್ಚುವಲ್ ಮೆಷಿನ್‌ನ ಕನ್ಸೋಲ್ ಅಥವಾ ವಿಎನ್‌ಸಿ ಬಳಸಿ. ಇವು ಇರುವ ತೆರೆಯನ್ನೇ ತೋರಿಸುತ್ತವೆ, ಹೊಸ ಸೆಷನ್ ಕಟ್ಟುವುದಿಲ್ಲ. ಹೈಪರ್-ವಿಯಲ್ಲಿ ಎನ್‌ಹಾನ್ಸ್ಡ್ ಸೆಷನ್ ಎಂಬುದು ಒಳಗೊಳಗೆ ರಿಮೋಟ್ ಡೆಸ್ಕ್‌ಟಾಪೇ, ಹಾಗಾಗಿ ಬೇಸಿಕ್ ಸೆಷನ್‌ನಲ್ಲೇ ಇರಿ.

ಆಟೋ ಲಾಗಿನ್ ಅಂದ್ರೆ ನಮ್ಮ ಸೆಕ್ಯೂರಿಟಿಯವರು ಕೂಗಾಡ್ತಾರೆ. ಏನ್ ಹೇಳಲಿ?

ಅವರ ಮಾತಿನಲ್ಲಿ ಅರ್ಥವಿದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಕೈಯಾರೆ ಆಟೋ ಲಾಗಿನ್ ಇಟ್ಟರೆ ಪಾಸ್‌ವರ್ಡ್ ಓದಲು ಬರುವ ಹಾಗೆ ಅಲ್ಲೇ ಕೂತಿರುತ್ತದೆ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಗುಂಪಿನಲ್ಲಿ ಆಟೋಲಾಗನ್ ಎಂಬ ಚಿಕ್ಕ ಟೂಲ್ ಇದೆ. ಅದು ಪಾಸ್‌ವರ್ಡ್ ಅನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ. ಆದರೂ ಆ ಮೆಷಿನ್‌ನ ಅಡ್ಮಿನ್ ಆದವರು ಅದನ್ನು ಹೊರತೆಗೆಯಬಲ್ಲರು.

ಆದ್ದರಿಂದ ಖಾತೆಯನ್ನೇ ಬಡವನನ್ನಾಗಿ ಮಾಡಿ. ಟೆಸ್ಟ್‌ಗೆಂದೇ ಪ್ರತ್ಯೇಕ ಖಾತೆ, ಇಮೇಲ್ ಇಲ್ಲ, ಪ್ರೊಡಕ್ಷನ್‌ಗೆ (ಬಳಕೆದಾರರು ಬಳಸುವ ನಿಜವಾದ ಸರ್ವರ್‌ಗಳಿಗೆ) ದಾರಿ ಇಲ್ಲ, ನೆಟ್‌ವರ್ಕ್ ಬೇರೆ. ಕದ್ದರೂ ಏನೂ ಸಿಗದ ಖಾತೆ ಎಂದು ತೋರಿಸಿದಾಗ ಮಾತುಕತೆ ಸಲೀಸಾಗುತ್ತದೆ.

ಅಡ್ಮಿನ್ ಪರ್ಮಿಷನ್ ಕೇಳೋ ಬಾಕ್ಸ್ ಬಂದ್ರೆ ಟೆಸ್ಟ್ ಅಲ್ಲೇ ನಿಂತುಬಿಡುತ್ತೆ. 'ಯೆಸ್' ಒತ್ತಿಸೋದು ಹೇಗೆ?

ಒತ್ತಿಸಲು ಆಗಬಾರದು ಎಂದೇ ಅದನ್ನು ಕಟ್ಟಿದ್ದಾರೆ. ತೆರೆ ಮಬ್ಬಾಗಿ ಆ ಪೆಟ್ಟಿಗೆ ಬಂದಾಗ ನೀವು ಸೆಕ್ಯೂರ್ ಡೆಸ್ಕ್‌ಟಾಪ್ ಎಂಬ ಬೇರೆ ಡೆಸ್ಕ್‌ಟಾಪ್‌ನಲ್ಲಿ ಇರುತ್ತೀರಿ. ನಿಮ್ಮ ಟೆಸ್ಟ್ ಹಳೆಯದರಲ್ಲೇ ಉಳಿದಿರುತ್ತದೆ. ಇನ್‌ಸ್ಟಾಲ್ ಕೆಲಸವೆಲ್ಲ ಟೆಸ್ಟ್‌ಗೆ ಮುಂಚೆ, ಇಮೇಜ್ (ಎಲ್ಲ ಇನ್‌ಸ್ಟಾಲ್ ಆಗಿ ತಯಾರಾದ ಮೆಷಿನ್‌ನ ಅಚ್ಚು) ಕಟ್ಟುವಾಗಲೇ ಮುಗಿಸಿ.

ಆಪ್ ಸ್ವತಃ ಅಡ್ಮಿನ್ ಆಗಿ ಓಡುವಂಥದ್ದಾದರೆ ಟೆಸ್ಟ್ ರನ್ನರ್ ಕೂಡ ಅದೇ ಮಟ್ಟದಲ್ಲಿ ಓಡಬೇಕು. ಕೆಳಮಟ್ಟದ ಪ್ರೋಗ್ರಾಂ ಮೇಲ್ಮಟ್ಟದ ವಿಂಡೋಗೆ ಕ್ಲಿಕ್ ಕಳಿಸಿದರೆ ವಿಂಡೋಸ್ ಅದನ್ನು ನುಂಗಿಬಿಡುತ್ತದೆ, ಎಷ್ಟೋ ಸಲ ಎರರ್ ಕೂಡ ಕೊಡದೆ. ಹಾಗೆಂದು ಎಲ್ಲವನ್ನೂ ಅಡ್ಮಿನ್ ಆಗಿ ಓಡಿಸಬೇಡಿ. ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗೆ ಬರೆಯಲು ಹೋಗುವ ಬಗ್ ಸಾಮಾನ್ಯ ಬಳಕೆದಾರನಿಗೆ ಮಾತ್ರ ಕಾಣುವಂಥದ್ದು. ಅಡ್ಮಿನ್ ಆಗಿ ಓಡಿಸಿದರೆ ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

## ಲಿನಕ್ಸ್, ಕಂಟೈನರ್, ಮ್ಯಾಕ್

ಲಿನಕ್ಸ್ ಸರ್ವರ್‌ಗೆ ಮಾನಿಟರ್ರೇ ಇಲ್ಲ. ಜಿಯುಐ ಟೆಸ್ಟ್ ಓಡಿಸೋದೆಲ್ಲಿ?

ಎಕ್ಸ್‌ವಿಎಫ್‌ಬಿ. ಇದು ಮೆಮೊರಿಯಲ್ಲಿ ಮಾತ್ರ ಇರುವ ತೆರೆ. ಆಪ್‌ಗೆ ನಿಜವಾದ ಎಕ್ಸ್ ಸರ್ವರ್ (ಲಿನಕ್ಸ್‌ನಲ್ಲಿ ವಿಂಡೋಗಳನ್ನು ತೆರೆಗೆ ಬಿಡಿಸುವ ಹಳೆಯ ವ್ಯವಸ್ಥೆ) ಥರವೇ ಕಾಣುತ್ತದೆ. ಅಳತೆಯನ್ನೂ 24 ಬಿಟ್ ಬಣ್ಣದ ಆಳವನ್ನೂ ನೀವೇ ಬರೆದು ಕೊಡಿ, ಡಿಫಾಲ್ಟ್ ಮೇಲೆ ಬಿಡಬೇಡಿ. ಎರಡು ಜಾಬ್ ಒಂದೇ ಡಿಸ್‌ಪ್ಲೇ ನಂಬರ್‌ಗೆ ಜಗಳ ಆಡದಿರಲು ಖಾಲಿ ನಂಬರನ್ನು ತಾನೇ ಹುಡುಕುವ ಆಯ್ಕೆ ಬಳಸಿ.

ಇಲ್ಲಿ ಬಹಳ ಜನ ಮರೆಯುವುದು ವಿಂಡೋ ಮ್ಯಾನೇಜರ್, ಅಂದರೆ ವಿಂಡೋಗಳ ಜಾಗ, ಅಳತೆ ನೋಡಿಕೊಳ್ಳುವ ಪ್ರೋಗ್ರಾಂ. ಬರೀ ಎಕ್ಸ್‌ವಿಎಫ್‌ಬಿಯಲ್ಲಿ ಅದು ಇರುವುದಿಲ್ಲ. ಅದಿಲ್ಲದೆ ಮ್ಯಾಕ್ಸಿಮೈಸ್ ನಡೆಯುವುದಿಲ್ಲ, ಫೋಕಸ್ (ಟೈಪ್ ಮಾಡಿದ್ದು ಯಾವ ವಿಂಡೋಗೆ ಹೋಗಬೇಕು ಎಂಬುದು) ಎಲ್ಲೋ ಇರುತ್ತದೆ, ಡೈಲಾಗ್ ಹಿಂದೆ ಅಡಗುತ್ತದೆ. ಓಪನ್‌ಬಾಕ್ಸ್‌ನಂಥ ಹಗುರಾದ್ದೊಂದನ್ನು ಮೊದಲು ಶುರು ಮಾಡಿ. ಆಪ್ ಡಿ-ಬಸ್ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವ ದಾರಿ) ಬಳಸುವುದಾದರೆ ಅದರ ಸೆಷನ್ ಕೂಡ ಬೇಕು. ಒಳಗೆ ಏನು ನಡೆಯುತ್ತಿದೆ ಎಂದು ಕಣ್ಣಾರೆ ನೋಡಬೇಕಿದ್ದರೆ ಆ ಡಿಸ್‌ಪ್ಲೇಗೆ ವಿಎನ್‌ಸಿ ಸರ್ವರ್ ಜೋಡಿಸಿ. ಮೊದಲ ವಾರವಂತೂ ಹೀಗೆ ನೋಡುತ್ತಲೇ ಇರಿ.

ಉಬುಂಟು ಅಪ್‌ಗ್ರೇಡ್ ಮಾಡಿದೆ. ಎಕ್ಸ್‌ಡೂಟೂಲ್ ಏನೂ ಮಾಡ್ತಿಲ್ಲ. ಕೆಟ್ಟೋಯ್ತಾ?

ನಕಲಿ ಕ್ಲಿಕ್, ಟೈಪ್ ಕಳಿಸುವ ಎಕ್ಸ್‌ಡೂಟೂಲ್ ಕೆಟ್ಟಿಲ್ಲ, ನೀವು ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಗೆ ಬಂದಿದ್ದೀರಿ. ಹಳೆಯ ಎಕ್ಸ್‌ನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಬೇರೆ ಪ್ರೋಗ್ರಾಂನ ವಿಂಡೋ ನೋಡಬಹುದು, ಅದಕ್ಕೆ ಟೈಪ್ ಮಾಡಬಹುದು. ಆಟೋಮೇಶನ್‌ಗೆ ಹಬ್ಬ, ಭದ್ರತೆಗೆ ಕಷ್ಟ. ವೇಲ್ಯಾಂಡ್ ಆ ದಾರಿಯನ್ನೇ ಮುಚ್ಚಿತು. ಉಬುಂಟು 21.04ರಿಂದ ವೇಲ್ಯಾಂಡ್ ಡಿಫಾಲ್ಟ್ ಆಯಿತು. ಲಾಗಿನ್ ತೆರೆಯಲ್ಲಿ ಹಳೆಯ ಎಕ್ಸ್‌ಆರ್ಗ್ (ಅಂದರೆ ಎಕ್ಸ್) ಸೆಷನ್ ಆರಿಸುವ ಅವಕಾಶ ಇತ್ತು, 25.10ರಲ್ಲಿ ಗ್ನೋಮ್‌ಗೆ ಅದೂ ಹೋಯಿತು.

ಎಕ್ಸ್‌ವಿಎಫ್‌ಬಿ ಇದಕ್ಕೆ ಸಂಬಂಧವಿಲ್ಲದೆ ಈಗಲೂ ಓಡುತ್ತದೆ, ಹಾಗಾಗಿ ಸರ್ವರ್ ಟೆಸ್ಟ್‌ಗಳಿಗೆ ಪೆಟ್ಟಿಲ್ಲ. ವೇಲ್ಯಾಂಡ್‌ನಲ್ಲೇ ಓಡಿಸಬೇಕಿದ್ದರೆ ವೈಡೂಟೂಲ್ ಇದೆ. ಅದು ಕರ್ನಲ್ ಮಟ್ಟದಲ್ಲಿ ನಕಲಿ ಕೀಬೋರ್ಡ್, ಮೌಸ್ ಹುಟ್ಟಿಸುತ್ತದೆ, ಅದಕ್ಕೆ ವಿಶೇಷ ಅನುಮತಿ ಕೊಡಬೇಕು. ನಿಮ್ಮ ಬಳಕೆದಾರರು ವೇಲ್ಯಾಂಡ್‌ನಲ್ಲಿ ಇದ್ದರೆ ಕೆಲವು ಟೆಸ್ಟ್‌ಗಳನ್ನಾದರೂ ಅಲ್ಲಿ ಓಡಿಸಿ. ಅಲ್ಲಿ ಆಪ್ ತನ್ನ ವಿಂಡೋ ತೆರೆಯ ಯಾವ ಮೂಲೆಯಲ್ಲಿ ಕೂರಬೇಕು ಎಂದು ತಾನೇ ಹೇಳುವಂತಿಲ್ಲ. ವಿಂಡೋ ಜಾಗ ನೆನಪಿಟ್ಟುಕೊಳ್ಳುವ ಆಪ್‌ಗಳು ಇಲ್ಲಿ ಎಡವುತ್ತವೆ.

ಡಾಕರ್ ಒಳಗೆ ಕ್ರೋಮ್ ಕ್ರ್ಯಾಶ್ ಆಗುತ್ತೆ. ಸ್ಕ್ರೀನ್‌ಶಾಟ್‌ನಲ್ಲಿ ಅಕ್ಷರದ ಬದಲು ಡಬ್ಬ ಬರುತ್ತೆ.

ಡಾಕರ್ ಎಂಬುದು ಪ್ರೋಗ್ರಾಂಗಳನ್ನು ಕಂಟೈನರ್ ಎಂಬ ಪ್ರತ್ಯೇಕ, ಹಗುರವಾದ ಪರಿಸರದಲ್ಲಿ ಓಡಿಸುವ ಟೂಲ್. ನಿಮ್ಮ ಎರಡು ತೊಂದರೆಗೂ ಬೇರೆ ಬೇರೆ ಕಾರಣ. ಕ್ರೋಮ್ ಶೇರ್ಡ್ ಮೆಮೊರಿಯನ್ನು (ತನ್ನ ಭಾಗಗಳು ಹಂಚಿಕೊಳ್ಳುವ ಮೆಮೊರಿ) ಧಾರಾಳವಾಗಿ ಬಳಸುತ್ತದೆ, ಡಾಕರ್ ಡಿಫಾಲ್ಟ್ ಆಗಿ ಅದಕ್ಕೆ ಕೊಡುವುದು 64 ಎಂಬಿ. ದೊಡ್ಡ ಪುಟ ತೆರೆದರೆ ತುಂಬಿಹೋಗುತ್ತದೆ. ಕಂಟೈನರ್ ಶುರು ಮಾಡುವಾಗ ಅದನ್ನು 1 ಅಥವಾ 2 ಜಿಬಿಗೆ ಏರಿಸಿ.

ಡಬ್ಬಗಳಿಗೆ ಕಾರಣ ಫಾಂಟ್ ಇಲ್ಲದಿರುವುದು. ಹಗುರವಾದ ಇಮೇಜ್‌ಗಳಲ್ಲಿ ಲ್ಯಾಟಿನ್ ಬಿಟ್ಟು ಬೇರೆ ಲಿಪಿಯ ಫಾಂಟ್ ಇರುವುದೇ ಅಪರೂಪ. ಆ ಡಬ್ಬಗಳಿಗೆ ಟೋಫು ಎನ್ನುತ್ತಾರೆ. ಟೋಫು ಇರಬಾರದು ಎಂದೇ ಗೂಗಲ್‌ನ ಫಾಂಟ್ ಕುಟುಂಬಕ್ಕೆ ನೋಟೋ ಎಂದು ಹೆಸರಿಟ್ಟರು. ಬೇಕಾದ ನೋಟೋ ಫಾಂಟ್‌ಗಳನ್ನು ಇಮೇಜ್‌ನಲ್ಲೇ ಸೇರಿಸಿ. ಒತ್ತಕ್ಷರ ಇರುವ ನಮ್ಮಂಥ ಲಿಪಿಗಳಲ್ಲಿ ಫಾಂಟ್ ಬದಲಾದರೆ ಪದದ ಅಗಲ ತುಂಬಾ ಬದಲಾಗುತ್ತದೆ. ಬಟನ್ ಎರಡು ಸಾಲಾಗುವುದು, ಕೆಳಗಿನದೆಲ್ಲ ಇನ್ನಷ್ಟು ಕೆಳಗೆ ಹೋಗುವುದು, ಎಲ್ಲ ಅಲ್ಲಿಂದಲೇ ಶುರು.

ಮ್ಯಾಕ್‌ನಲ್ಲಿ ಪ್ರತಿ ಸಲ ಪರ್ಮಿಷನ್ ಕೇಳುತ್ತೆ. ಒಂದೇ ಸಲಕ್ಕೆ ಮುಗಿಸೋಕೆ ಆಗಲ್ವಾ?

ಪೂರ್ತಿ ಮುಗಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಮ್ಯಾಕ್‌ನ 2018ರ ಆವೃತ್ತಿಯಾದ ಮೊಹಾವೆಯಲ್ಲಿ ಈ ಅನುಮತಿಗಳು ಬಿಗಿಯಾದವು. 2019ರ ಕ್ಯಾಟಲಿನಾದಲ್ಲಿ ಸ್ಕ್ರೀನ್ ರೆಕಾರ್ಡಿಂಗ್‌ಗೂ ಅನುಮತಿ ಬೇಕಾಯಿತು. 2024ರ ಸೆಕ್ವೋಯಾ ಅದನ್ನು ಆಗಾಗ ಮತ್ತೆ ಕೇಳಲು ಶುರು ಮಾಡಿತು. ಅನುಮತಿ ಸಿಗುವುದು ನಿರ್ದಿಷ್ಟ ಆಪ್‌ಗೆ, ಅದರ ಡಿಜಿಟಲ್ ಸಹಿಯ ಆಧಾರದ ಮೇಲೆ. ಪ್ರತಿ ಬಿಲ್ಡ್‌ನಲ್ಲೂ ಸಹಿ ಬದಲಾಗುವ ಟೂಲ್‌ಗೆ ಕೊಟ್ಟರೆ ಪ್ರತಿ ಸಲವೂ ಹೊಸಬ ಬಂದ ಹಾಗೆ ಕೇಳುತ್ತದೆ. ಬದಲಾಗದ ಒಂದು ಆಪ್‌ಗೆ ಅನುಮತಿ ಕೊಟ್ಟು, ಅದರಿಂದಲೇ ಟೆಸ್ಟ್ ಶುರು ಮಾಡಿ. ಮೆಷಿನ್‌ಗಳನ್ನು ಎಂಡಿಎಂ (ಕಂಪನಿಯ ಮೆಷಿನ್‌ಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಮೂಲಕ ನಿಭಾಯಿಸುವವರು ಆಕ್ಸೆಸಿಬಿಲಿಟಿ (ಬೇರೆ ಆಪ್‌ಗಳನ್ನು ನಿಯಂತ್ರಿಸುವ) ಅನುಮತಿಯನ್ನು ದೂರದಿಂದಲೇ ಕೊಡಬಹುದು. ಸ್ಕ್ರೀನ್ ರೆಕಾರ್ಡಿಂಗ್‌ಗೆ ಆ ಸೌಕರ್ಯವಿಲ್ಲ.

ಇನ್ನೆರಡು ಮಾತು: ಫೈಲ್‌ವಾಲ್ಟ್ (ಮ್ಯಾಕ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದ್ದರೆ ಆಟೋ ಲಾಗಿನ್ ಸಿಗುವುದಿಲ್ಲ. ಏಜೆಂಟನ್ನು ಲಾಂಚ್ ಡೀಮನ್ ಆಗಿ ಇಡಬೇಡಿ, ಲಾಂಚ್ ಏಜೆಂಟ್ (ಲಾಗಿನ್ ಆದ ಖಾತೆಯೊಳಗೆ ಶುರುವಾಗುವ ಪ್ರೋಗ್ರಾಂ) ಆಗಿ ಇಡಿ. ಡೀಮನ್‌ಗೆ ಡೆಸ್ಕ್‌ಟಾಪ್ ಕಾಣುವುದಿಲ್ಲ, ವಿಂಡೋಸ್ ಸರ್ವಿಸ್‌ನ ಕತೆಯೇ ಇಲ್ಲೂ.

## ಆಳಕ್ಕೆ ಇಳಿದವರಿಗೆ

ಒಂದ್ಸಲ ಪಾಸ್, ಒಂದ್ಸಲ ಫೇಲ್. ಮೂರು ಸಲ ರೀಟ್ರೈ ಹಾಕಿಬಿಡ್ಲಾ?

ಮೊದಲು ಲೆಕ್ಕ ನೋಡಿ. ನಿಮ್ಮ ಬಳಿ 200 ಟೆಸ್ಟ್ ಇವೆ. ಪ್ರತಿಯೊಂದೂ 200 ಸಲಕ್ಕೆ ಒಮ್ಮೆ ಮಾತ್ರ ಸುಮ್ನೆ ಫೇಲ್ ಆಗುತ್ತದೆ ಎಂದುಕೊಳ್ಳಿ. ಕೇಳಿದರೆ ಚೆನ್ನಾಗೇ ಇದೆ. ಆದರೆ ಇಡೀ ಸೂಟ್ (ಟೆಸ್ಟ್‌ಗಳ ಪೂರ್ತಿ ಗುಂಪು) 100ರಲ್ಲಿ ಸುಮಾರು 63 ಸಲ ಕೆಂಪು ತೋರಿಸುತ್ತದೆ. ಗೂಗಲ್‌ನಂಥ ಕಡೆಯೂ ಇದು ತಪ್ಪಿದ್ದಲ್ಲ. ತಮ್ಮ ಟೆಸ್ಟ್‌ಗಳಲ್ಲಿ ಸುಮಾರು 16% ಸ್ವಲ್ಪ ಮಟ್ಟಿಗಾದರೂ ಹೀಗೆ ಅಲುಗಾಡುತ್ತವೆ ಎಂದು 2016ರಲ್ಲಿ ಅವರೇ ಹೇಳಿಕೊಂಡಿದ್ದರು.

ರೀಟ್ರೈ ಹಾಕಬಹುದು, ಒಂದು ಷರತ್ತಿನ ಮೇಲೆ: ಮೊದಲ ಸಲದ ಫೇಲ್ ಎಲ್ಲೋ ದಾಖಲಾಗಬೇಕು, ಯಾರೋ ಒಬ್ಬರು ವಾರಕ್ಕೊಮ್ಮೆ ಅದನ್ನು ನೋಡಬೇಕು. ಇಲ್ಲದಿದ್ದರೆ ಬಳಕೆದಾರರಿಗೆ 20 ಸಲಕ್ಕೆ ಒಮ್ಮೆ ಕಾಡುವ ನಿಜವಾದ ಬಗ್ ಕೂಡ ಹಸಿರು ಬಣ್ಣದಡಿ ಮುಚ್ಚಿಹೋಗುತ್ತದೆ.

ಕಾರಣ ಹುಡುಕಲು ಹೊರಟರೆ ಮೊದಲು ಸಿಗುವುದು ಟೆಸ್ಟ್ ಕೋಡ್‌ನಲ್ಲಿ ಇಷ್ಟು ಹೊತ್ತು ಸುಮ್ಮನೆ ಕಾಯಿ ಎನ್ನುವ ಸ್ಲೀಪ್ ಕಮಾಂಡ್. 'ಎರಡು ಸೆಕೆಂಡ್ ಕಾಯಿ' ಎಂದು ಬರೆದವರ ಮೆಷಿನ್‌ನಲ್ಲಿ ಎರಡು ಸೆಕೆಂಡ್ ಸಾಕಾಗಿತ್ತು, ಅಷ್ಟೆ. ಬಟನ್ ಒತ್ತಲು ಬರುವ ತನಕ ಕಾಯಿ, ಪಟ್ಟಿಯಲ್ಲಿ ಐದು ಸಾಲು ಬರುವ ತನಕ ಕಾಯಿ ಎಂದು ಬರೆಯಿರಿ. ಬ್ರೌಸರ್ ಟೆಸ್ಟ್ ಟೂಲ್ ಆದ ಸೆಲೆನಿಯಂ ಬಳಸುವವರು ಇಂಪ್ಲಿಸಿಟ್ (ಎಲ್ಲ ಹುಡುಕಾಟಕ್ಕೂ ಒಂದೇ ಸಲ ಇಡುವ) ಮತ್ತು ಎಕ್ಸ್‌ಪ್ಲಿಸಿಟ್ (ಒಂದು ಷರತ್ತಿಗೆಂದೇ ಬರೆಯುವ) ವೇಟ್ ಎರಡನ್ನೂ ಬೆರೆಸಬೇಡಿ. ಒಂದು 10 ಸೆಕೆಂಡ್, ಇನ್ನೊಂದು 15 ಇದ್ದರೆ 20 ಸೆಕೆಂಡ್ ಆದ ಮೇಲೆ ಟೈಮ್‌ಔಟ್ ಆಗಬಹುದು ಎಂದು ಅವರ ಕೈಪಿಡಿಯೇ ಎಚ್ಚರಿಸುತ್ತದೆ.

ಎಕ್ಸ್, ವೈ ಕೊಟ್ಟು ಕ್ಲಿಕ್ ಮಾಡಿಸೋದು ಸುಲಭ. ಅದನ್ನ ಯಾಕೆ ಬೇಡ ಅಂತೀರಿ?

ತೆರೆಯ ಮೇಲಿನ ಜಾಗವನ್ನು ಅಂಕಿಯಲ್ಲಿ ಕೊಡುವುದು ಇವತ್ತು ಸುಲಭ, ಆಪ್‌ನ ವಿಂಡೋ ಹತ್ತು ಪಿಕ್ಸೆಲ್ ಸರಿದ ದಿನ ಕಷ್ಟ. ಪ್ರತಿ ಆಪರೇಟಿಂಗ್ ಸಿಸ್ಟಂನಲ್ಲೂ ಅಂಧರ ಸ್ಕ್ರೀನ್ ರೀಡರ್‌ಗಳಿಗಾಗಿ ಕಟ್ಟಿದ ದಾರಿ ಇದೆ: ವಿಂಡೋಸ್‌ನಲ್ಲಿ ಯುಐ ಆಟೋಮೇಶನ್, ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ, ಮ್ಯಾಕ್‌ನಲ್ಲಿ ಅದರದ್ದೇ ಆಕ್ಸೆಸಿಬಿಲಿಟಿ ಎಪಿಐ. ಅದರ ಮೂಲಕ 'ಸೇವ್ ಎಂಬ ಹೆಸರಿನ ಬಟನ್' ಎಂದು ಕೇಳಿದರೆ ಅದು ಎಲ್ಲಿದ್ದರೂ ಸಿಗುತ್ತದೆ. ಈ ದಾರಿ ಬಳಸುವ ಟೂಲ್‌ಗಳಾಗಿ ವಿಂಡೋಸ್‌ಗೆ ಪೈವಿನ್‌ಆಟೋ, ಫ್ಲಾಯುಐ ಇವೆ. ಬಟನ್‌ಗೆ ಹೆಸರೇ ಇಲ್ಲ ಎಂದಾದರೆ ಡೆವಲಪರ್ ಹತ್ತಿರ ಹೋಗಿ ಕೇಳಿ. ಆ ಹೆಸರು ಇಟ್ಟರೆ ಕಣ್ಣು ಕಾಣದ ಬಳಕೆದಾರರಿಗೂ ಉಪಕಾರವಾಗುತ್ತದೆ. ಈ ವಾದಕ್ಕೆ ಎದುರು ಮಾತಾಡಿದವರನ್ನು ನಾನು ಕಂಡಿಲ್ಲ.

ಒಂದೇ ಮೆಷಿನ್‌ನಲ್ಲಿ ನಾಲ್ಕು ಟೆಸ್ಟ್ ಒಟ್ಟಿಗೆ ಓಡಿಸಬಹುದಾ?

ಸೆಲೆನಿಯಂ, ಪ್ಲೇರೈಟ್‌ನಂಥ ಬ್ರೌಸರ್ ಟೂಲ್ ಆದರೆ ಸಾಮಾನ್ಯವಾಗಿ ಹೌದು. ಅವು ನಿಜವಾದ ಮೌಸ್ ಮುಟ್ಟುವುದಿಲ್ಲ, ಬ್ರೌಸರ್ ಒಳಗೇ ಕೆಲಸ ಮಾಡುತ್ತವೆ. ಡೆಸ್ಕ್‌ಟಾಪ್ ಆಪ್‌ಗೆ ಬೇಡ. ಒಂದು ಡೆಸ್ಕ್‌ಟಾಪ್‌ಗೆ ಒಂದೇ ಫೋಕಸ್, ಒಂದೇ ಮೌಸ್, ಒಂದೇ ಕ್ಲಿಪ್‌ಬೋರ್ಡ್. ಕ್ಲಿಪ್‌ಬೋರ್ಡ್ ಜಗಳ ಹಿಡಿಯುವುದಂತೂ ಕಷ್ಟ, ಒಂದು ಟೆಸ್ಟ್ ಕಾಪಿ ಮಾಡಿದ್ದನ್ನು ಇನ್ನೊಂದು ಪೇಸ್ಟ್ ಮಾಡಿ ಹೋಗಿರುತ್ತದೆ. ಲಿನಕ್ಸ್‌ನಲ್ಲಿ ನಾಲ್ಕು ಎಕ್ಸ್‌ವಿಎಫ್‌ಬಿ, ವಿಂಡೋಸ್‌ನಲ್ಲಿ ನಾಲ್ಕು ವರ್ಚುವಲ್ ಮೆಷಿನ್.

ಸ್ಕ್ರೀನ್‌ಶಾಟ್ ಹೋಲಿಕೆ ಟೆಸ್ಟ್ ದಿನಾ ಫೇಲ್. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ.

ಅಕ್ಷರದ ಅಂಚನ್ನು ಮೃದು ಮಾಡುವ ರೀತಿ ಒಂದೊಂದು ಸಿಸ್ಟಂನಲ್ಲಿ ಒಂದೊಂದು ಥರ. ಗ್ರಾಫಿಕ್ಸ್ ಕಾರ್ಡ್ ಬದಲಾದರೂ ಕೆಲವು ಪಿಕ್ಸೆಲ್ ಬದಲಾಗುತ್ತವೆ. ಹೋಲಿಸುವ ಮೂಲ ಚಿತ್ರವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತೆಗೆಯಲೇಬೇಡಿ, ಟೆಸ್ಟ್ ಓಡುವ ಅದೇ ಇಮೇಜ್‌ನಲ್ಲಿ ತೆಗೆಯಿರಿ. ಪ್ಲೇರೈಟ್ ಮೂಲ ಚಿತ್ರದ ಹೆಸರಿನಲ್ಲೇ ಬ್ರೌಸರ್ ಮತ್ತು ಸಿಸ್ಟಂ ಹೆಸರು ಸೇರಿಸುವುದು ಇದೇ ಕಾರಣಕ್ಕೆ. ಮಿನುಗುವ ಕರ್ಸರ್ ಗೆರೆಯನ್ನೂ ಅದು ತಾನಾಗಿ ಮರೆಮಾಡುತ್ತದೆ. ಬೇರೆ ಟೂಲ್ ಆದರೆ ನೀವೇ ಮಾಡಬೇಕು. ಗಡಿಯಾರ, ದಿನಾಂಕ ಇರುವ ಜಾಗಕ್ಕೆ ಮುಸುಕು ಹಾಕಿ.

ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಬ್ರೌಸರ್ ತೆರೆಯೋದೇ ಇಲ್ಲ. ನಾವೇನೂ ಮುಟ್ಟಿಲ್ಲ!

ಕ್ರೋಮ್ ರಾತ್ರಿ ಅಪ್‌ಡೇಟ್ ಆಗಿದೆ, ಟೆಸ್ಟ್‌ಗೂ ಕ್ರೋಮ್‌ಗೂ ನಡುವಿನ ಕೊಂಡಿಯಾದ ಕ್ರೋಮ್‌ಡ್ರೈವರ್ ಹಳೆಯದೇ ಇದೆ. 2023ರಿಂದ 'ಕ್ರೋಮ್ ಫಾರ್ ಟೆಸ್ಟಿಂಗ್' ಎಂಬ ಪ್ರತ್ಯೇಕ ಬಿಲ್ಡ್ ಸಿಗುತ್ತಿದೆ, ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಅದನ್ನೇ ಹಾಕಿ, ವರ್ಶನ್ ನಂಬರ್ ಬರೆದಿಡಿ. ಸೆಲೆನಿಯಂ 4.6ರಿಂದ ಈಚೆಗೆ ಸರಿಹೊಂದುವ ಡ್ರೈವರನ್ನು ಅದೇ ಹುಡುಕಿ ತರುತ್ತದೆ.

ಟೈಮ್‌ಝೋನ್, ಭಾಷೆ ಇವೆಲ್ಲ ಅಷ್ಟು ಮುಖ್ಯಾನಾ?

ಹೌದು. ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ನಿಮ್ಮ ಲ್ಯಾಪ್‌ಟಾಪ್ ಬೇರೆ ವೇಳೆಯಲ್ಲಿ ಇದ್ದರೆ ದಿನಕ್ಕೆ ಕೆಲವು ಗಂಟೆ ಎರಡರ ತಾರೀಖೂ ಬೇರೆ. ಆ ಹೊತ್ತಿನಲ್ಲಿ ಮಾತ್ರ ಫೇಲ್ ಆಗುವ ಟೆಸ್ಟ್ ಹುಡುಕುವುದು ತಲೆನೋವು. ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಬದಲಾದರೆ ದಶಮಾಂಶ ಚುಕ್ಕಿ ಅಲ್ಪವಿರಾಮ ಆಗಬಹುದು, ಪಟ್ಟಿಯ ಅಕಾರಾದಿ ಕ್ರಮವೂ ಬದಲಾಗಬಹುದು. ಎರಡನ್ನೂ ಟೆಸ್ಟ್ ಶುರುವಾಗುವ ಮುನ್ನ ನೀವೇ ಹೇಳಿ, ಕೀಬೋರ್ಡ್ ಲೇಔಟ್ ಸಮೇತ.

ಹಳೇ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋದ್ರೆ ಡೊಮೇನ್ ಲಾಗಿನ್ ಆಗಲ್ಲ, ಎಚ್‌ಟಿಟಿಪಿಎಸ್ ಕೂಡ ಬೈಯುತ್ತೆ.

ಸ್ನ್ಯಾಪ್‌ಶಾಟ್ ಒಳಗಿನ ಗಡಿಯಾರ ಹಳೆಯ ದಿನಾಂಕದಲ್ಲೇ ಎಚ್ಚರವಾಗುತ್ತದೆ. ಎಚ್‌ಟಿಟಿಪಿಎಸ್ ಸೈಟ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟ್ ಆ ದಿನಕ್ಕೆ ಇನ್ನೂ ಹುಟ್ಟಿಲ್ಲದಿದ್ದರೆ ಅದನ್ನು ಬ್ರೌಸರ್ ಒಪ್ಪುವುದಿಲ್ಲ. ಮೆಷಿನ್ ಎದ್ದ ಕೂಡಲೇ ಸಮಯ ಸರಿ ಮಾಡಿ, ಸರಿಯಾಯಿತು ಎಂದು ಖಚಿತವಾದ ಮೇಲೆ ಟೆಸ್ಟ್ ಶುರು ಮಾಡಿ.

ಡೊಮೇನ್‌ನ (ಕಂಪನಿಯ ವಿಂಡೋಸ್ ಮೆಷಿನ್, ಖಾತೆಗಳನ್ನು ಒಂದೆಡೆಯಿಂದ ನಿಭಾಯಿಸುವ ವ್ಯವಸ್ಥೆಯ) ಕತೆ ಬೇರೆ. ಡೊಮೇನ್‌ಗೆ ಸೇರಿದ ಪ್ರತಿ ವಿಂಡೋಸ್ ಮೆಷಿನ್‌ಗೂ ತನ್ನದೇ ಪಾಸ್‌ವರ್ಡ್ ಇರುತ್ತದೆ, ಡಿಫಾಲ್ಟ್ ಆಗಿ 30 ದಿನಕ್ಕೊಮ್ಮೆ ಅದು ಸದ್ದಿಲ್ಲದೆ ಬದಲಾಗುತ್ತದೆ. ಬದಲಾದ ಮೇಲೆ ಹಳೆಯ ಸ್ನ್ಯಾಪ್‌ಶಾಟ್‌ಗೆ ಹೋದರೆ ಮೆಷಿನ್ ಕೈಯಲ್ಲಿ ಹಳೆಯ ಪಾಸ್‌ವರ್ಡ್, ಡೊಮೇನ್ ಬಳಿ ಹೊಸದು. ಸಾಧ್ಯವಾದರೆ ಟೆಸ್ಟ್ ಮೆಷಿನನ್ನು ಡೊಮೇನ್‌ಗೆ ಸೇರಿಸಲೇಬೇಡಿ. ಸೇರಿಸಲೇಬೇಕಿದ್ದರೆ ಸ್ನ್ಯಾಪ್‌ಶಾಟ್ ನಂಬುವ ಬದಲು ಪ್ಯಾಕರ್, ಆನ್ಸಿಬಲ್‌ನಂಥ ಟೂಲ್‌ನಿಂದ ಪ್ರತಿ ವಾರ ಇಮೇಜನ್ನು ಮೊದಲಿನಿಂದ ಕಟ್ಟಿ, ಪ್ರತಿ ಸಲ ಹೊಸದಾಗಿ ಸೇರಿಸಿ.

ರಾತ್ರಿ ಎರಡಕ್ಕೆ ಫೇಲ್ ಆಗಿದೆ. ಬೆಳಿಗ್ಗೆ ಬಂದು ಏನ್ ನೋಡ್ಲಿ?

ಮೊದಲು ಸ್ಕ್ರೀನ್‌ಶಾಟ್. ಟೆಸ್ಟ್ ಟೂಲ್ ಕೊಡುವ ಆಪ್‌ನ ಚಿತ್ರ ಸಾಲದು, ಇಡೀ ಡೆಸ್ಕ್‌ಟಾಪ್‌ನದ್ದು ಬೇಕು. ಪೂರ್ತಿ ಕಪ್ಪಾಗಿದ್ದರೆ ಸೆಷನ್ ಲಾಕ್ ಆಗಿದೆ ಅಥವಾ ರಿಮೋಟ್ ಸಂಪರ್ಕ ಕಡಿದಿದೆ. ಆಪ್ ಹಿಂದೆ ಇದ್ದು ಬೇರೇನೋ ಮುಂದೆ ಇದ್ದರೆ ಫೋಕಸ್ ಕದ್ದವನು ಅವನೇ. ಎಲ್ಲ ಸರಿ ಇದ್ದೂ ಬಟನ್ ಬೂದು ಬಣ್ಣದಲ್ಲಿದ್ದರೆ ಆಪ್ ಇನ್ನೂ ಏನನ್ನೋ ಕಾಯುತ್ತಿತ್ತು. ಎಫ್‌ಎಫ್‌ಎಂಪೆಗ್ ಬಳಸಿ ಇಡೀ ಓಟದ ವಿಡಿಯೋ ಹಿಡಿದಿಡಿ, ಫೇಲ್ ಆದದ್ದನ್ನು ಮಾತ್ರ ಉಳಿಸಿ. ಓಡುತ್ತಿದ್ದ ಪ್ರೋಗ್ರಾಂಗಳ ಪಟ್ಟಿ, ಖಾಲಿ ಮೆಮೊರಿ, ರೆಸಲ್ಯೂಶನ್ ಕೂಡ ಬರೆದಿಡಿ. ಹಿಂದಿನ ಓಟದಲ್ಲಿ ಸಾಯದೆ ಉಳಿದ 40 ಕ್ರೋಮ್‌ಡ್ರೈವರ್‌ಗಳು ಆ ಪಟ್ಟಿಯಲ್ಲಿ ಸಿಕ್ಕಿದ ದಿನವೂ ಇದೆ.

ಎಲ್ಲ ಮಾಡಿದ್ದೀನಿ. ಈ ಮೆಷಿನ್ ನಂಬಬಹುದು ಅಂತ ಹೇಗೆ ಗೊತ್ತಾಗೋದು?

ಕೋಡ್‌ನಲ್ಲಿ ಒಂದಕ್ಷರವನ್ನೂ ಬದಲಿಸದೆ ಒಂದೇ ಬಿಲ್ಡ್ ಮೇಲೆ ಸೂಟನ್ನು ಮತ್ತೆ ಮತ್ತೆ ಓಡಿಸಿ. 50 ಸಲ ಸಾಕು ಎನಿಸುತ್ತದೆ, ಆದರೆ 100ಕ್ಕೊಮ್ಮೆ ಫೇಲ್ ಆಗುವ ಸೂಟ್ ಆ 50ರಲ್ಲಿ ಒಮ್ಮೆಯೂ ಫೇಲ್ ಆಗದೆ ದಾಟುವ ಸಾಧ್ಯತೆ ಸುಮಾರು 60%. 300 ಸಲ ಸತತವಾಗಿ ಪಾಸಾದರೆ ಫೇಲ್ ಪ್ರಮಾಣ 1%ಗಿಂತ ಕಡಿಮೆ ಎಂದು 95% ಧೈರ್ಯದಿಂದ ಹೇಳಬಹುದು. ಒಂದು ವಾರಾಂತ್ಯ ಅದಕ್ಕೇ ಬಿಟ್ಟುಕೊಡಿ. ನಡುವೆ ಒಂದೆರಡು ಸಲ ಮೆಷಿನ್ ರೀಸ್ಟಾರ್ಟ್ ಮಾಡಿ, ಒಮ್ಮೆ ಪವರ್ ಕೂಡ ತೆಗೆದು ಹಾಕಿ.

ಆಮೇಲೆ ಆಪ್‌ನಲ್ಲಿ ಬೇಕೆಂದೇ ಒಂದು ಬಗ್ ಸೇರಿಸಿ ಓಡಿಸಿ. ಆಗಲೂ ಹಸಿರು ಬಂದರೆ ನಿಮ್ಮ ಟೆಸ್ಟ್‌ಗಳು ಏನನ್ನೂ ನೋಡುತ್ತಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬೇಕು.